ತಂದೆಯ ಧಾಟಿ

ತಂದೆಯ ಹಾಡಿನ ಹಳೆಯ ಟೇಪು ಕೇಳಿ ಮುಗಿಸಿ, ಡೆಲ್ಬರ್ಟ್ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ. ನಾಳೆ ಕೆಂಟಕಿಯ ಬೆಟ್ಟದ ಚರ್ಚಿನಲ್ಲಿ ಅವನ ತಂದೆಯ ಅಂತ್ಯಕ್ರಿಯೆ. ತಂದೆಯಂತೆಯೇ ಸಾಲು ಸಾಲಾಗಿ ಹೇಳಿಕೊಟ್ಟು ಸಭೆಯಿಂದ ಕೀರ್ತನೆ ಹಾಡಿಸಬೇಕಾದವನು ಈಗ ಅವನು. ಆ ಹಳೆಯ ಧಾಟಿ ಊರಿನಲ್ಲಿ ಇನ್ನಾರಿಗೂ ಬಾರದು.

“ನಿಮ್ಮಪ್ಪ ನಡುನಡುವೆ ಕೆಮ್ಮಿ, ತಪ್ಪಿ, ರೆಕಾರ್ಡ್ ಮಾಡ್ತಿದ್ದ ನಮ್ಮನ್ನ ಬೈದು ಮತ್ತೆ ಹೇಳಿಕೊಟ್ಟಿದ್ದಾರೆ,” ಎಂದಳು ಲೊರೀನಾ. ಕಾಲೇಜಿನ ಈ ಜಾನಪದ ಸಂಗ್ರಹದಲ್ಲಿ ಅವಳದು ಮೂವತ್ತು ವರ್ಷಗಳ ಕೆಲಸ. “ಕೆಟ್ಟ ಟೇಪು, ಬಿಸಾಕು ಅಂದಿದ್ರು ಮೇಲಿನವರು.”

“ಬಿಸಾಕಲಿಲ್ವಾ, ಅಕ್ಕ?”

“ಅವರ ಮಾತು ನಾನು ಯಾವತ್ತು ಕೇಳಿದ್ದೀನಿ?”

ಡೆಲ್ಬರ್ಟ್ ನಕ್ಕು ಎದ್ದು ನಿಂತ. ಮೊದಲ ಸಾಲು ಹೇಳಿಕೊಟ್ಟ. ಲೊರೀನಾ ಅದನ್ನು ಎಳೆದು ಹಾಡಿದಳು. ಪಕ್ಕದ ಮೇಜುಗಳಲ್ಲಿದ್ದ ಇಬ್ಬರು ನೌಕರರೂ ತಲೆಯೆತ್ತದೆ ದನಿಗೂಡಿಸಿದರು. ವರ್ಷಗಟ್ಟಲೆ ಈ ಟೇಪುಗಳನ್ನು ಕೇಳಿ ಬರೆದಿಟ್ಟವರಿಗೆ ಅದು ಬಾಯಿಗೆ ಬಂದಿತ್ತು.

“ನಾಳೆ ಮೂವರೂ ಬನ್ನಿ,” ಎಂದ ಡೆಲ್ಬರ್ಟ್. “ನನ್ನ ಜತೆ ಹಾಡೋಕೆ, ಮುಂದಿನ ಬೆಂಚಿಗೆ.”