ಟೈರಿನ ಮೇಲಿನ ಗುರುತು

ಪೇಟೆಬೀದಿಯಲ್ಲಿ ಗಾಡಿ ಒಂದು ಗಂಟೆ ನಿಂತರೆ ಪುಕ್ಕಟೆ, ಮೀರಿದರೆ ದಂಡ ಎಂದು ಪುರಸಭೆ ನಿಯಮ ಮಾಡಿತ್ತು. ನಿಂತ ಗಾಡಿಯ ಟೈರಿಗೆ ಸೀಮೆಸುಣ್ಣದಲ್ಲಿ ಹೊತ್ತು ಬರೆದು, ಗಂಟೆ ಕಳೆದ ಮೇಲೆ ಬಂದು ಚೀಟಿ ಹರಿಯುವುದು ತಿಪ್ಪೇಶನ ಕೆಲಸ. ದಂಡಕ್ಕೆ ಹೆದರಿ ಗಿರಾಕಿಗಳೇ ಬರುತ್ತಿಲ್ಲವೆಂದು ಬೀದಿಯ ಅಂಗಡಿಯವರೆಲ್ಲ ಅವನ ಮೇಲೆ ಕೆಂಡ ಕಾರುತ್ತಿದ್ದರು. ಕರೆದು ಕೂರಿಸಿ ಟೀ ಕೊಡುತ್ತಿದ್ದವನು ಟೀ ಅಂಗಡಿಯ ಓಬಣ್ಣನೊಬ್ಬನೇ.

ಹದಿನೈದು ದಿನದಿಂದ, ತಿಪ್ಪೇಶ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬರೆದದ್ದೆಲ್ಲ ಮಾಯವಾಗುತ್ತಿತ್ತು.

"ಗಾಡಿಯೋರ ಹತ್ರ ಲಂಚ ತಿಂದು ನೀನೇ ಅಳಿಸ್ತೀಯಾ ಅಂತ ಸಾಹೇಬ್ರು ಕೇಳಿದ್ರು, ಓಬಣ್ಣ. ಇನ್ನೊಂದ್ಸಲ ಹಿಂಗಾದ್ರೆ ಕೆಲಸಕ್ಕೆ ಬರಬ್ಯಾಡ ಅಂದ್ರು."

"ನಿನ್ನಂಥೋನಿಗೆ ಹಂಗಂದ್ರಾ?" ಓಬಣ್ಣ ರೇಗಿದ. "ಒರೆಸೋನ ಕೈ ಸೇದೋಗ! ನಾಳೆ ನೀನು ಊಟಕ್ಕೆ ಹೋದಾಗ ನಾನೇ ನಿಂತು ಕಾಯ್ತೀನಿ, ನಡಿ."

ತಿಪ್ಪೇಶನ ಕಣ್ಣು ತುಂಬಿ ಬಂತು.

ಮರುದಿನ ಬಿಳಿ ಸೀಮೆಸುಣ್ಣ ಮುಗಿದುಹೋಗಿತ್ತು. ಮಗಳ ಶಾಲೆಚೀಲದಲ್ಲಿದ್ದ ಗುಲಾಬಿ ಬಣ್ಣದ್ದನ್ನೇ ತಂದು ಬರೆದ. ಊಟ ಮುಗಿಸಿ ಬಂದು ನೋಡಿದರೆ ಒಂದು ಟೈರಿನ ಮೇಲೂ ಗುರುತಿಲ್ಲ.

"ಒಂದು ನರಪಿಳ್ಳೆನೂ ಹತ್ರ ಸುಳಿದಿಲ್ಲ ಕಣೋ, ನನ್ನಾಣೆ," ಎಂದ ಓಬಣ್ಣ. "ಮುಖ ಯಾಕೆ ಹಂಗ್ ಮಾಡ್ಕಂಡೆ? ಬಾ, ಕೂತ್ಕಂಡು ಟೀ ಕುಡಿ."

ಹಾಗೆನ್ನುತ್ತ ಹೆಗಲ ಮೇಲಿನ ಒದ್ದೆ ಬಟ್ಟೆ ತೆಗೆದು ಅವನಿಗಾಗಿ ಬೆಂಚು ಒರೆಸಿದ. ಬೆಂಚಿನುದ್ದಕ್ಕೂ ಗುಲಾಬಿ ಬಣ್ಣದ ಪಟ್ಟೆ ಮೂಡಿತು.