ಬಿಳಿ ಮರಿ

ಡಾಕ್ಟರು ಬರುವ ಮೊದಲೇ ಮೂರ್ತಪ್ಪ ಮೇಜಿನ ಮೇಲಿದ್ದ ತನ್ನ ಎದೆಯ ಎಕ್ಸ್‌ರೇಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದ. ಪಕ್ಕೆಲುಬುಗಳು ಕುರಿ ರೊಪ್ಪದ ಬೇಲಿಯ ಗಳಗಳಂತೆ ಸಾಲಾಗಿ ಬಾಗಿದ್ದವು. ಒಳಗೆಲ್ಲ ಬರೀ ಕಪ್ಪು. ಮೇಲಿನ ಒಂದು ಮೂಲೆಯಲ್ಲಿ ಮಾತ್ರ, ಕಾಲು ಮಡಚಿ ಮಲಗಿದ ಮರಿಯಂತೆ ಒಂದಿಷ್ಟು ಬಿಳುಪು.

"ನೋಡಿದ್ಯೇನೇ, ಬೀಡಿ ಹೊಗೆ ಎದೆಯೆಲ್ಲಾ ಕರ್ರಗೆ ಮಾಡೈತೆ," ಎಂದು ಹೆಂಡತಿ ರಂಗಕ್ಕನಿಗೆ ತೋರಿಸಿದ. "ಇಷ್ಟೇ ಜಾಗ ಚೊಕ್ಕಾಗಿ ಉಳ್ದೈತೆ. ಇನ್ಮೇಲೆ ಬೀಡಿ ಮುಟ್ಟಲ್ಲ, ಇದನ್ನಾದ್ರೂ ಉಳಿಸ್ಕಂತೀನಿ." ರಂಗಕ್ಕ ಆ ಬಿಳುಪನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ಕಿಟಕಿಯಾಚೆ ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡದ ಮಂದೆ ಸದ್ದಿಲ್ಲದೆ ಸರಿಯುತ್ತಿತ್ತು. ಬೆಳಕು ಅಲುಗಿದಾಗ ಬೆರಳಡಿಯ ಮರಿಯೂ ಉಸಿರಾಡಿದಂತೆ ಅವಳಿಗೆ ಕಂಡಿತು.

ಒಳಗೆ ಬಂದ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿತ್ತುಕೊಳ್ಳಲಿಲ್ಲ. ಇಬ್ಬರ ಪಕ್ಕದಲ್ಲೇ ನಿಂತು ತಾವೂ ನೋಡಿದರು. "ಕಪ್ಪಗೆ ಕಾಣೋದು ಗಾಳಿ ಕಣ್ರಿ, ಅಲ್ಲೇನೂ ತೊಂದರೆ ಇಲ್ಲ. ನನಗೆ ಅನುಮಾನ ಈ ಬಿಳೀದ್ರ ಮೇಲೆ. ಕೆಮ್ಮಿದಾಗ ರಕ್ತ ಬರ್ತಿರೋದೂ ಇಲ್ಲಿಂದ್ಲೇ ಇರ್ಬೇಕು. ಒಂದು ಚೂರು ತೆಗೆದು ಪರೀಕ್ಷೆ ಮಾಡ್ಸೋಣ. ಕ್ಯಾನ್ಸರ್ ಗಡ್ಡೆನೇ ಆಗಿದ್ರೂ ಇನ್ನೂ ಸಣ್ಣದು. ಬೇರೆ ಕಡೆ ಹರಡೋಕೆ ಮುಂಚೆ ತೆಗೀಬಹುದು."

ರಂಗಕ್ಕನ ಬೆರಳು ಇದ್ದಲ್ಲೇ ನಿಂತಿತು. ಮೂರ್ತಪ್ಪನ ಎದೆಯಾಳದಿಂದ ಕೆಮ್ಮು ಏರಿ ಬಂತು. ಮಲಗಿರುವ ಮರಿ ಬೆಚ್ಚಿ ಎದ್ದು ರೊಪ್ಪ ದಾಟೀತೆಂಬಂತೆ, ಅವನು ಹೆಗಲ ಮೇಲಿನ ಕಂಬಳಿಯ ಅಂಚನ್ನು ಬಾಯಿಗೊತ್ತಿ ಉಸಿರು ಬಿಗಿಹಿಡಿದು ನಿಂತ.