ಮರೀಗೌಡನ ಗಂಜಿ

“ಜಡ್ಜೇ ಎದ್ದು ನಿಂತು ನಂಗೆ ಕೈ ಮುಗಿದ್ರು ಕಣವ್ವ. ಅರ್ಧ ಸುಳ್ಳು ಅಂತಿಟ್ಕೋ. ಕೇಸು ಗೆದ್ದಿದ್ದು ಮಾತ್ರ ನಿಜ,” ಎಂದಳು ಮುದುಕಿ.

ಅವಳ ಗಂಡನಿಂದ ಪಡೆದ ಸಾಲ ತೀರಿಸದ ಮರೀಗೌಡ ಸಕ್ಕರೆ ಕಾರ್ಖಾನೆಯ ಕೆಲಸಗಾರ. ಕೋರ್ಟು ಪ್ರತಿ ತಿಂಗಳೂ ಅವನ ಸಂಬಳದಲ್ಲಿ ಮುರಿದು ಅವಳಿಗೆ ಕೊಡಿಸುತ್ತಿತ್ತು. ಒಂಟಿಯಾಗಿದ್ದ ಅವನಿಗೆ ಕ್ಷಯ ಹಿಡಿದಾಗ, ದಿನಾ ಗಂಜಿ ಕುಡಿಸಿ ಕೆಲಸಕ್ಕೆ ಎಬ್ಬಿಸಿ ಕಳಿಸುತ್ತಿದ್ದವಳೂ ಅವಳೇ.

“ಎಂಥಾ ಮನಸ್ಸಜ್ಜಿ ನಿಮ್ದು! ಸಾಲಗಾರನ್ನ ಮಗನ ಥರ ನೋಡ್ಕೊಂಡ್ರಿ,” ಎಂದಳು ಪಕ್ಕದ ಮನೆಯ ಸೊಸೆ.

“ಅವ್ನು ಮಲಗಿಬಿಟ್ರೆ ಸಂಬ್ಳ ಎಲ್ಲಿಂದ ಬತ್ತದೆ ಮಗಾ?” ಮುದುಕಿ ನಕ್ಕಳು.

“ಎರಡು ದಿನದಿಂದ ಅವ್ನು ಬಾಗ್ಲೇ ತೆಗ್ದಿಲ್ವಂತೆ ಅಜ್ಜಿ.”

“ಕೊನೇ ಕಂತು ಹೋದ ವಾರ್ವೇ ಬಂತು ಕಣವ್ವ. ಗಂಜಿ ಪಾತ್ರೆ ಯಾಕೆ ಬೋರಲು ಹಾಕಿದೀನಿ, ನೀನೇ ಹೇಳು ನೋಡಾಣ.”